ಬೇಲಿ ಹಾಕಿದವರು

ಗುರುವಾರ, 13 ಫೆಬ್ರವರಿ 2025

ನನ್ನ ಅವ್ವನಿಗೆ,

ಚಿಕ್ಕಮ್ಮನ ಕಾಲುನೋವು ಇಳಿಯಿತೇ? ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಕೆಂಕೆರೆಗೆ, ಚಿಕ್ಕಮ್ಮನ ಮನೆಗೇ ಬರೆಯುತ್ತಿದ್ದೇನೆ.

ಹೋದ ವಾರ ಗ್ರಾಮಸಭೆಯಲ್ಲಿ ಮಾತಾಡಿದೆ. ನಮ್ಮ ಕಾಲೋನಿಯಿಂದ ಸ್ಮಶಾನಕ್ಕೆ ಹೋಗುವ ದಾರಿಗೆ ಗಂಗಾಧರಯ್ಯನವರು ತಂತಿಬೇಲಿ ಎಳೆಸಿದ ಮೇಲೆ ತಾತನನ್ನು ಕೆರೆಯ ಕೆಸರಿನಲ್ಲಿ ಹೊತ್ತುಕೊಂಡು ಹೋದೆವಲ್ಲ, ಅದೇ ವಿಷಯ. ನೀನು ಅವರ ಮನೆಯಲ್ಲೇ ಕೊಬ್ಬರಿ ಸುಲಿಯುವವಳು ಎಂಬುದನ್ನು ಮರೆತಿರಲಿಲ್ಲ.

ಭಾಷಣ ಬರೆದು ನಮ್ಮ ಕಾಲೋನಿ ಸಂಘದ ಹಿರಿಯ ತಿಮ್ಮರಾಜು ಮಾವನಿಗೆ ತೋರಿಸಿದ್ದೆ. "ಬೇಲಿ ಹಾಕಿದವರು" ಎಂದಿದ್ದಲ್ಲಿ ಗೀಟು ಹೊಡೆದು "ಬೇಲಿ ಬಂದಿದೆ" ಎಂದು ಮಾಡಿದ. "ದಾರಿ ಬಿಡಿಸಿ" ಎಂಬುದು "ದಾರಿ ಕೊಡಿ ಎಂದು ಬೇಡಿಕೊಳ್ಳುತ್ತೇವೆ" ಎಂದಾಯಿತು. "ಮೆತ್ತಗೆ ಮಾತಾಡು ಕಣವ್ವ. ನಾಳೆ ಅವ್ರ ತೋಟದ ಮುಂದೇನೇ ತಿರುಗಾಡ್ಬೇಕು" ಎಂದ. ನನಗೂ ಭಯವಿತ್ತು, ಒಪ್ಪಿಕೊಂಡೆ.

ಮೈಕು ಹಿಡಿದು ನಿಂತೆ. ಗಂಗಾಧರಯ್ಯನವರು ಮುಂದಿನ ಸಾಲಿನಲ್ಲೇ ಕೂತಿದ್ದರು. "ದಾರಿಗೆ ಬೇಲಿ ಬಂದಿದೆ" ಎಂದು ಓದಿದೆ. ಹಿಂದಿನಿಂದ ಯಾರೋ, "ತಾನಾಗೇ ನಡ್ಕೊಂಡ್ ಬಂತೇನಮ್ಮ?" ಎಂದರು. ಎಲ್ಲರೂ ನಕ್ಕರು, ನಮ್ಮವರೂ ನಕ್ಕರು. ಕೆಸರಿನಲ್ಲಿ ತಾತನ ಚಟ್ಟ ವಾಲಿದ್ದು ಕಣ್ಣಿಗೆ ಬಂತು. ಹಾಳೆ ಮಡಚಿಬಿಟ್ಟೆ.

"ಬೇಲಿ ಹಾಕಿದವರು ಗಂಗಾಧರಯ್ಯನವರು, ಇಲ್ಲೇ ಕೂತವ್ರೆ. ದಾರಿ ಕೊಡಿ ಅಂತ ನಾನು ಕೇಳಲ್ಲ. ಕೊಡಿ ಅಂದ್ರೆ ಅದು ಅವರದ್ದು ಅಂತ ಆಯ್ತದೆ. ಬಿಡಿಸಿ" ಎಂದೆ.

ಗಂಗಾಧರಯ್ಯನವರು ಎದ್ದು ನಿಂತು, ತೀರಾ ಮೆಲ್ಲಗೆ, "ಯಾರ ಮಗಳಮ್ಮ ನೀನು?" ಎಂದರು. ಗದರಿದ್ದರೆ ಅಷ್ಟು ಹೆದರುತ್ತಿರಲಿಲ್ಲ, ಅವ್ವ. ಆ "ಅಮ್ಮ" ಕೇಳಿಯೇ ಹೆದರಿದ್ದು. ಯಾರ ಮಗಳೆಂದು ಅವರಿಗೆ ಗೊತ್ತಿಲ್ಲವೇ?

"ಮಂಜಮ್ಮನ ಮಗಳು" ಎಂದೆ.

ಮೊನ್ನೆ ಸರ್ವೆಯವರು ಬಂದು ಅಳೆದರು. ದಾರಿ ನಕ್ಷೆಯಲ್ಲಿದೆ. ಸಂಜೆಯೊಳಗೆ ಗಾಡಿ ಹೋಗುವಷ್ಟು ಅಗಲಕ್ಕೆ ತಂತಿ ಬಿಚ್ಚಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಿಮ್ಮರಾಜು ಮಾವ ಒಬ್ಬನೇ ಸ್ಮಶಾನದವರೆಗೂ ನಡೆದುಹೋಗಿ ಬಂದ. ಕಣ್ಣು ಒದ್ದೆಯಾಗಿತ್ತು. "ಹುಷಾರು ಕಣವ್ವ" ಎಂದಷ್ಟೇ ಹೇಳಿದ.

ಇನ್ನು ನೀನು ಕೆಲಸಕ್ಕೆ ಬರುವುದು ಬೇಡವೆಂದು ಅವರ ಮನೆಯಿಂದ ಹೇಳಿ ಕಳಿಸಿದ್ದಾರೆ. ಬಯ್ಯಬೇಡ. ಕಾಲೇಜಿಗೆ ಹೋಗುತ್ತಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ಬೇರೇನೂ ಆಗಿಲ್ಲ.

ನಿನ್ನ ಮಗಳು,
ನಯನ

ತಾ.ಕ.: ಕೊನೆಯ ಮಾತು ಸುಳ್ಳು, ಅವ್ವ. ನಿನ್ನೆ ನಾನು ಕಾಲೇಜಿನಲ್ಲಿದ್ದಾಗ ನಮ್ಮ ಮನೆ ಬಾಗಿಲು ಒಡೆದು ಹಾಕಿದ್ದಾರೆ. ಒಡೆದವರನ್ನು ಅಕ್ಕಪಕ್ಕದವರು ಕಂಡಿದ್ದಾರೆ. ಅವರು ಹೇಳಿದ ಹೆಸರುಗಳನ್ನೇ ಠಾಣೆಯಲ್ಲಿ ಬರೆಸಿ, ತುರುವೇಕೆರೆಯಲ್ಲಿ ಗೆಳತಿ ಇಂಪನಾಳ ಮನೆಗೆ ಬಂದಿದ್ದೇನೆ. ನೀನು ಒಬ್ಬಳೇ ಊರಿಗೆ ಹೋಗಬೇಡ.