ಜಿರಾಫೆ ಗಾಲಿಕುರ್ಚಿಯಿಂದ ಎದ್ದು ನಿಂತದ್ದು

ಹೊಸ ಮನೆಯ ಅಡುಗೆಮನೆ,
ಮಂಗಳವಾರ ಮಧ್ಯಾಹ್ನ

ಮುದ್ದಿನ ಅಕ್ಕಾ,

ಹೇಗಿದ್ದೀಯ? ಭುಜದ ನೋವು ಇಳಿಯಿತಾ? ಅಮ್ಮ ಶಾಖ ಕೊಡುತ್ತಿದ್ದಾಳಾ, ಇಲ್ಲ ನೀನೇ ಅವಳನ್ನು ಗದರಿಸಿ ಕೂರಿಸಿದ್ದೀಯಾ? ಫೋನ್ ಮಾಡಿದರೆ "ಮೀಟಿಂಗ್ ಇದೆ ಕಣೇ" ಎಂದು ಇಟ್ಟುಬಿಡುತ್ತೀಯಲ್ಲ, ಅದಕ್ಕೇ ಈ ಕಾಗದ. ಇದಕ್ಕೆ ಮೀಟಿಂಗಿನ ನೆಪ ನಡೆಯುವುದಿಲ್ಲ. ನಾನಂತೂ ಸುಖವಾಗಿದ್ದೇನೆ. ಎಷ್ಟು ಸುಖ ಎಂದರೆ, ಇವರು ಹಲ್ಲುಜ್ಜುತ್ತಾ ಹಾಡುವುದನ್ನೂ ಬಾಗಿಲಿಗೆ ಒರಗಿ ನಿಂತು ಕೇಳುತ್ತೇನೆ. ನಗಬೇಡ.

ಈಗ ಸುದ್ದಿ. ನಮ್ಮ ಮದುವೆ ಊಟದ ದಿನ ಲಿಫ್ಟ್ ಕೆಟ್ಟು, ಮಾವಂದಿರೆಲ್ಲ ಸೇರಿ ನಿನ್ನನ್ನು ಗಾಲಿಕುರ್ಚಿ ಸಮೇತ ಮಹಡಿಗೆ ಹೊತ್ತು ತಂದರಲ್ಲ, ನೀನು ಎಲ್ಲರೆದುರು ನಕ್ಕೆ. ಆಮೇಲೆ ನನ್ನ ಕಿವಿಯಲ್ಲಿ, "ಸೋಫಾ ಸಾಗಿಸೋ ಹಾಗೆ ಸಾಗಿಸಿದ್ರು ಕಣೇ. ಇನ್ಮೇಲೆ ಎಲ್ಲಿಗೂ ಬರಲ್ಲ" ಎಂದೆ. ಅಂದಿನಿಂದ ಮನೆಯ ಹೊಸ್ತಿಲು ದಾಟಿಲ್ಲ. ವಾರಕ್ಕೊಮ್ಮೆ ಪಬ್ಬಿನಲ್ಲಿ ಕೂತು ಇಡೀ ಪ್ರಪಂಚವನ್ನು ಆಡಿಕೊಂಡು ನಗುತ್ತಿದ್ದ ಅಕ್ಕ ನನಗೆ ವಾಪಸ್ ಬೇಕು. ಅದಕ್ಕೇ ನಾನೂ ನಮ್ಮ ಜಿರಾಫೆ ಮಹಾರಾಯರೂ (ನನ್ನ ಗಂಡನಿಗೆ ನೀನಿಟ್ಟ ಹೆಸರು ಬೀದಿಗೆಲ್ಲ ಹರಡಿದೆ) ನಿನ್ನ ಕುರ್ಚಿ ಎಲ್ಲಿ ಸಲೀಸಾಗಿ ಹೋದೀತು ಎಂದು ಸುತ್ತಮುತ್ತಲಿನ ಪಬ್ಬುಗಳನ್ನೆಲ್ಲ ನೋಡಿ ಬರಲು ಹೊರಟೆವು. ಪಕ್ಕದ ಮನೆಯ ನರ್ಸ್ ಆಂಟಿಯಿಂದ ಗಾಲಿಕುರ್ಚಿ ಎರವಲು ತಂದು, ಅದರಲ್ಲಿ ಇವರನ್ನು ಕೂರಿಸಿ, ನಾನು ತಳ್ಳಿಕೊಂಡು! ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು, ಪಾಪ.

ಮೊದಲನೆಯದರ ಬಾಗಿಲಿಗೆ ಎರಡು ಮೆಟ್ಟಿಲು. "ಎರಡೇ ತಾನೇ ಮೇಡಂ, ಎತ್ತಿಬಿಡ್ತೀವಿ" ಎಂದ ಗಾರ್ಡ್. ಆ 'ಎತ್ತಿಬಿಡ್ತೀವಿ' ಕಿವಿಗೆ ಬಿದ್ದದ್ದೇ ಕುರ್ಚಿ ತಿರುಗಿಸಿದೆ. ಇನ್ನೊಂದಕ್ಕೆ ಇಳಿಜಾರು ದಾರಿ ಇತ್ತು, ಆದರೆ ಹಿಂದುಗಡೆ, ಕಸದ ಡಬ್ಬಿಗಳ ನಡುವೆ, ಪಾತ್ರೆ ತೊಳೆಯುವ ಜಾಗ ದಾಟಿ. ಇವರು "ಪರವಾಗಿಲ್ಲ, ಒಳಗೆ ಬಂದ್ವಲ್ಲ" ಎಂದರು. ನನ್ನ ಅಕ್ಕ ಹಿತ್ತಲ ಬಾಗಿಲಿನಿಂದ ಬರುವವಳಲ್ಲ ಎಂದು ನಮ್ಮ ಮೊದಲ ಜಗಳ ಅಲ್ಲೇ ಆಯಿತು, ಬೀದಿ ದಾಟುವಷ್ಟರಲ್ಲಿ ರಾಜಿಯೂ ಆಯಿತು. ಮತ್ತೊಂದು ಕಡೆ ಮೇಜುಗಳೆಲ್ಲ ನಿಂತು ಕುಡಿಯುವಷ್ಟು ಎತ್ತರ. ಕೂತವರಿಗೆ ಕಾಣುವುದು ಬೇರೆಯವರ ಬೆಲ್ಟು ಮಾತ್ರ.

ಕೊನೆಗೆ ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಒಂದು ಸಿಕ್ಕಿತು ನೋಡು! ಮುಂಬಾಗಿಲೇ ನೆಲಕ್ಕೆ ಸಮ. ಅಗಲವಾದ ಮರದ ಮೇಜುಗಳು, ಕಿಟಕಿ ತುಂಬ ಸಂಜೆ ಬಿಸಿಲು, ಮಾತಿಗೆ ಅಡ್ಡ ಬಾರದಷ್ಟು ಮೆಲ್ಲಗೆ ಸಂಗೀತ. ಯಾರೂ ಅಯ್ಯೋ ಪಾಪ ಎಂದು ನೋಡಲಿಲ್ಲ. ದಾರಿಯಲ್ಲಿದ್ದ ಸ್ಟೂಲನ್ನು ಒಬ್ಬರು ತಮ್ಮ ಹರಟೆ ನಿಲ್ಲಿಸದೆಯೇ ಕಾಲಿನಿಂದ ಸರಿಸಿದರು, ಅಷ್ಟೇ. ನನಗೆ ಅಳುವೇ ಬಂತು. ಇವರಿಗೋ ಎಂಥ ಖುಷಿ ಎಂದರೆ, ತಾವು ಗಾಲಿಕುರ್ಚಿಯವರು ಎಂಬುದನ್ನೇ ಮರೆತು, ಎದ್ದು, ದಾಪುಗಾಲು ಹಾಕುತ್ತಾ ಟಾಯ್ಲೆಟ್ ಕಡೆ ನಡೆದೇಬಿಟ್ಟರು! ಇಡೀ ಪಬ್ ತಿರುಗಿ ನೋಡಿತು. ಕೌಂಟರಿನಲ್ಲಿದ್ದ ಒಡತಿ, "ನಮ್ ಬಿಯರ್‌ಗೆ ಇಷ್ಟು ಶಕ್ತಿ ಇದೆ ಅಂತ ನನಗೇ ಗೊತ್ತಿರ್ಲಿಲ್ಲ ಕಣಪ್ಪಾ! ಅದೂ ಒಂದು ಗುಟುಕೂ ಕುಡೀದೆ!" ಎಂದಳು. ಇವರು ಇಂಗು ತಿಂದ ಮಂಗ. ನಾನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ, ಸೋಫಾದ ಮಾತಿನವರೆಗೂ. ಅವಳ ನಗು ನಿಂತಿತು. ಟಾಯ್ಲೆಟ್ಟಿನ ಬಾಗಿಲು ತೆರೆದು ತೋರಿಸಿದಳು. ಜಾಗವೇನೋ ಧಾರಾಳ, ಆದರೆ ಖಾಲಿ ಕ್ರೇಟುಗಳ ರಾಶಿ, ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. "ಇದು ನನಗೆ ಹೊಳೆದೇ ಇರ್ಲಿಲ್ಲಮ್ಮ" ಎಂದವಳೇ ಅಂಗಿಯ ತೋಳು ಮಡಚಿ ಕ್ರೇಟುಗಳನ್ನು ಹೊರಗೆ ಸಾಗಿಸತೊಡಗಿದಳು. ಜಿರಾಫೆಗೂ ಎರಡು ಹೊರಿಸಿದಳು.

ಅಪ್ಪ ಅಮ್ಮನಿಗೆ ನಮ್ಮಿಬ್ಬರ ನಮಸ್ಕಾರ. ನಿನಗೆ ಎರಡೂ ಕೆನ್ನೆಗೆ ಒಂದೊಂದು ಮುತ್ತು, ಬೇಡ ಎಂದರೂ.

ನಿನ್ನ ತಲೆನೋವು,
ಗಿಲಕಿ

ತಾ.ಕ.: ಅಸಲು ವಿಷಯವೇ ಬಿಟ್ಟುಹೋಯಿತು! ಕಂಬಿ ಹಾಕಿಸಲು ಒಡತಿ ಶನಿವಾರ ಕೆಲಸದವರನ್ನು ಕರೆಸುತ್ತಿದ್ದಾಳೆ. ಕಮೋಡಿನ ಯಾವ ಕಡೆಗೆ ಎಂದು ಕೇಳಿದಳು. ಇವರು ಬಲಗಡೆ ಎಂದರು, ನಾನು ಎಡಗಡೆ ಎಂದೆ, ಇಬ್ಬರದೂ ಬರೀ ಊಹೆ. ಹುಟ್ಟಿದಾಗಿನಿಂದ ನಿನ್ನ ಬೆನ್ನಿಗೆ ಅಂಟಿಕೊಂಡೇ ಬೆಳೆದವಳು ನಾನು, ನೀನು ಕುರ್ಚಿಯಿಂದ ಯಾವ ಕಡೆಗೆ ದಾಟಿಕೊಳ್ಳುತ್ತೀ ಎಂದು ಒಮ್ಮೆಯೂ ನೋಡಿಲ್ಲವಲ್ಲೇ. "ಹಾಗಾದ್ರೆ ನಿಮ್ಮಕ್ಕಾನೇ ಬಂದು ಗೋಡೆ ಮೇಲೆ ಗುರುತು ಹಾಕ್ಲಿ, ಅಲ್ಲೀವರೆಗೂ ಡ್ರಿಲ್ ಮುಟ್ಟೋಕೆ ಬಿಡಲ್ಲ" ಎಂದಿದ್ದಾಳೆ. ಫೋನಿನಲ್ಲಿ ಎಡ, ಬಲ ಎಂದು ಹೇಳಿ ಜಾರಿಕೊಳ್ಳಬೇಡ. ಶನಿವಾರ ಬಾ ಅಕ್ಕಾ. ಪೆನ್ಸಿಲ್ ನಾನು ತರುತ್ತೇನೆ.