ಹೆಂಗಸರ ಕಡೆಯ ಕ್ಯಾಸೆಟ್

ಜೇವರ್ಗಿ
೧೦ ಡಿಸೆಂಬರ್ ೧೯೯೪, ಶನಿವಾರ

ಗೌಸಿಯಾಳ ಅಣ್ಣನವರಿಗೆ ಸಲಾಂ.

ಗಂಡನ ಹೆಸರು ಹಿಡಿಯುವ ರೂಢಿ ನನಗಿಲ್ಲ, ಇಷ್ಟು ಸಿಟ್ಟಿನಲ್ಲೂ ಬಾಯಿಗೆ ಬರಲಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಿಮ್ಮ ತಮ್ಮ ಮೌಲಾಲಿ ಬಸ್ಸು ತಪ್ಪೀತೆಂದು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಒಲೆಯ ಮೇಲಿನ ರೊಟ್ಟಿ ಸೀದರೆ ಸೀಯಲಿ.

ಗೌಸಿಯಾಳ ಮದುವೆಯ ಹೆಂಗಸರ ಕಡೆಯ ಕ್ಯಾಸೆಟ್ಟಿನ ಮೇಲೆ ನಾಳೆ ಸಿನಿಮಾ ತುಂಬಿ ಅಳಿಸಿಬಿಡುವಿರಂತೆ. "ಊರಾಗ ಮಾರಿ ತೋರ್ಸಾಕ ಆಗವಲ್ದು ಅಂತಾನ್ರಿ ಅಣ್ಣ" ಎಂದ ಮೌಲಾಲಿ.

ಹೆಂಗಸರ ಕೋಣೆಯಲ್ಲಿ ಕ್ಯಾಮೆರಾ ಹಿಡಿದವಳು ನಾನು. ಗಂಡಸರು ಯಾರೂ ನೋಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ನನ್ನ ಅಮ್ಮಿ ಬಾನುಬಿ ಡೋಲಕ್ ಬಾರಿಸಿ ಹಾಡಿದ್ದು, ಎದ್ದು ಕುಣಿದದ್ದು. ಕ್ಯಾಸೆಟ್ ಇಟ್ಟ ಕಪಾಟಿನ ಕೀಲಿ ಸದಾ ನನ್ನ ಸೊಂಟದಲ್ಲಿರುತ್ತಿತ್ತು. ಬೀಗರಿಗೊಂದು ಕಾಪಿ ಬೇಕೆಂದಾಗ ನಾನೇ ತೆಗೆದುಕೊಟ್ಟೆ. ನೀವೋ, ಹೆಂಗಸರು ಕಣ್ಣಿಗೆ ಬೀಳಬಾರದೆಂದು ನಿಮ್ಮ ಕೇಬಲ್ ಅಂಗಡಿಯ ಟಿವಿ ಬಂದ್ ಮಾಡಿ, ಕಾಪಿ ಆಗುವವರೆಗೆ ಚಹಾ ಕುಡಿಯುತ್ತ ಕೂತಿರಿ. ವಿಸಿಆರ್‌ನಿಂದ ಊರಿಗೆ ಹೋಗುವ ಕೇಬಲ್ ವೈರ್ ಕೀಳುವುದನ್ನು ಮರೆತಿರಿ. ಎಂಥ ಮರ್ಯಾದಸ್ಥರು ರೀ ನೀವು! ನಿಮ್ಮ ಕಣ್ಣು ಮುಚ್ಚಿಕೊಂಡು ಇಡೀ ಅಫಜಲಪುರಕ್ಕೆ ನಮ್ಮನ್ನು ತೋರಿಸಿದಿರಿ.

ಅವತ್ತೇ ಅಮ್ಮಿಯನ್ನು ಕರೆದುಕೊಂಡು ತವರಿಗೆ ಬಂದೆ. ದಾರಿಯುದ್ದಕ್ಕೂ ಅತ್ತವಳು ನಾನು. ಅಮ್ಮಿ ಮಾತ್ರ, "ಹೋಗ್ಲಿ ಬಿಡ ಬೇ, ತಾಳ ಅಂತೂ ತಪ್ಪಿಲ್ಲ" ಎಂದು ಬಸ್ಸಿನಲ್ಲಿ ನಕ್ಕುಬಿಟ್ಟರು. ಈಗಲೂ ಚೆನ್ನಾಗಿದ್ದಾರೆ. ನಿಮ್ಮ ಮೇಲೆ ಮುನಿಸಿಲ್ಲ.

ಮುನಿಸೆಲ್ಲ ನನ್ನದು. ತೋರಿಸುವಾಗ ನಮ್ಮನ್ನು ಕೇಳಲಿಲ್ಲ, ಅದು ಮರೆವು, ಒಪ್ಪಿದೆ. ಅಳಿಸುವಾಗಲೂ ಕೇಳುವುದಿಲ್ಲವೆಂದರೆ? "ನನ್ನ ಮದುವಿ ಅಳಿಸಾಕ ಅಣ್ಣ ಯಾರು?" ಎಂದು ಗೌಸಿಯಾ ಕೂಡ ಹೇಳಿಕಳಿಸಿದ್ದಾಳೆ. ಕಾಪಿಯನ್ನಂತೂ ಸಿಟ್ಟಿನಲ್ಲಿ ಒಡೆದುಹಾಕಿದಿರಿ. ಇರುವುದು ಇದೊಂದೇ. ದಯವಿಟ್ಟು ಮುಟ್ಟಬೇಡಿ. ಕಪಾಟಿನಲ್ಲಿಟ್ಟು ಬೀಗ ಹಾಕಿ. ಕೀಲಿಯನ್ನು ಮೌಲಾಲಿಯ ಕೈಯಲ್ಲೇ ಕಳಿಸಿದ್ದೇನೆ.

ಇನ್ನೂ ನಿಮ್ಮ ಮೇಲೆ ಸಿಟ್ಟಿರುವ,
ಮೆಹರಾಜಬೇಗಂ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಏಳಲಿಲ್ಲ. ಅಮ್ಮಿ ಚೆನ್ನಾಗಿಲ್ಲ. ಸೋಮವಾರ ಲಕ್ವಾ ಹೊಡೆದು ಮಾತು ನಿಂತುಹೋಗಿದೆ. ನಿಮ್ಮಿಂದಲೇ ಆಯಿತೆಂದು ಕೊರಗುತ್ತೀರೆಂದು ಮುಚ್ಚಿಟ್ಟೆ, ಮೌಲಾಲಿಗೂ ಮಲಗಿದ್ದಾರೆ ಎಂದಷ್ಟೇ ಹೇಳಿದೆ. ಅವರ ದನಿ ಇನ್ನು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಅಳಿಯ ನೋಡಬಹುದೇ ಎಂದು ಈಗಷ್ಟೇ ಕೇಳಿದೆ. ನನ್ನ ಕೈ ಹಿಸುಕಿ ಹೂಂ ಎಂಬಂತೆ ತಲೆಯಾಡಿಸಿದರು. ಈ ಸಲ ಟಿವಿ ಬಂದ್ ಮಾಡಬೇಡಿ, ಕೂತು ನೋಡಿ. ಮೊದಲು ವೈರ್ ಮಾತ್ರ ಕೀಳಿ.