ಆಮಶಂಕೆಯಲ್ಲಿ ಇಲ್ಲದ ಶಂಕೆ

ಮಾನ್ಯ ಆರೋಗ್ಯ ಇಲಾಖೆಯ ನಿರ್ದೇಶಕರೇ,

ನನ್ನ ತಂಗಿ ಯಮುನ ತೀರಿಕೊಂಡದ್ದು ಕರುಳಿನ ಒಳಪೊರೆ ಹುಣ್ಣಾಗಿ ಸುಲಿದುಹೋದದ್ದರಿಂದ. ನಿಮ್ಮ ಇಲಾಖೆ ಬರೆದುಕೊಂಡಿರುವುದು ಆಮಶಂಕೆ ಎಂದು. ಕಚೇರಿಗೆ ಬರೆದ ಪತ್ರಗಳಿಗೆ ಉತ್ತರ ಬರದೆ, ಈಗ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ.

ಅಮ್ಮತ್ತಿಯಿಂದ ಅವಳನ್ನು ಆಸ್ಪತ್ರೆಗೆ ಕರೆದೊಯ್ದಾಗಲೆಲ್ಲ ವೈದ್ಯರು ತಲೆಯೆತ್ತದೆ ಹೇಳುತ್ತಿದ್ದುದು ಒಂದೇ: "ತೋಟದ ಕಡೆಯವರಾ? ನೀರು ಕಾಯಿಸಿ ಕುಡೀರಿ." ಆಮೇಲೆ ಆಮಶಂಕೆಯ ಸೂಜಿಮದ್ದು. ರಕ್ತ ಹೋಗುವುದು ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಕಾಯಿಸಿದ ನೀರೇ; ಹಿಂದಿರುಗುವ ಬಸ್ಸಿನಲ್ಲಿ ಅವಳೇ ನಗುತ್ತಿದ್ದಳು: "ಇನ್ನು ಕಾಸಿರೆ ಚೆಂಬುನೇ ಕುಡಿಯೊಕಷ್ಟೆ ಅಣ್ಣ."

ಅನುವಾದದ ಕಾದಂಬರಿಗಳನ್ನು ಓದುವ ಅಭ್ಯಾಸ ನನಗಿದೆ. ಅನುವಾದಕ ಒಂದು ಪದದಲ್ಲಿ ಎಡವಿದರೆ ಪುಟವೆಲ್ಲ ಸುಳ್ಳಾಗುತ್ತದೆ. ಆಗ ಮೂಲವನ್ನು ನೋಡಬೇಕು. ಯಮುನಳ ವಿಷಯದಲ್ಲಿ ಹಾಗೆ ನೋಡಿದವರು ಮೈಸೂರಿನ ತರುಣ ವೈದ್ಯರೊಬ್ಬರೇ. ಕರುಳಿನೊಳಕ್ಕೆ ಕೊಳವೆಯಿಟ್ಟು ಪರೀಕ್ಷಿಸಿ, "ಇದು ಆಮಶಂಕೆ ಅಲ್ಲಮ್ಮ. ಕ್ರಿಮಿಯೇ ಇಲ್ಲ. ಒಳಪೊರೆಯೇ ಕಿತ್ತುಬಂದಿದೆ" ಎಂದರು.

"ಮತ್ತೆ ಬೆಳೀತದಾ ಡಾಕ್ಟ್ರೇ?" ಎಂದು ಯಮುನ ಕೇಳಿದಳು.

"ಕೆಲವರಲ್ಲಿ ಬೆಳೆಯುತ್ತೆ. ಕೆಲವರಲ್ಲಿ ಯಾಕೆ ಬೆಳೆಯಲ್ಲ ಅಂತ ತಿಳೀಬೇಕು."

"ನನ್ನಲ್ಲೇ ನೋಡಿ ತಿಳ್ಕೊಳ್ಳಿ," ಎಂದಳು.

ಅದನ್ನು ತಿಳಿಯುವ ಸಂಶೋಧನೆಗೇ ಅವರು ನಿಮ್ಮ ಅಪ್ಪಣೆ ಬೇಡಿದ್ದು. ಇದು ಚಳಿದೇಶದವರ ಕಾಯಿಲೆ, ನಮ್ಮ ರಾಜ್ಯದಲ್ಲಿ ಇಂಥ ರೋಗಿಗಳಿಲ್ಲ ಎಂದು ನೀವು ಉತ್ತರಿಸಿದಿರಿ. ಹೇಗೆ ಇದ್ದಾರು? ರಕ್ತ ಕಂಡಲ್ಲೆಲ್ಲ ಆಮಶಂಕೆ ಎಂದು ಬರೆದ ಮೇಲೆ ಉಳಿಯುವವರು ಯಾರು? ರೋಗಿಗಳಿಲ್ಲವೆಂದು ಸಂಶೋಧನೆಯಿಲ್ಲ, ಸಂಶೋಧನೆಯಿಲ್ಲವೆಂದು ರೋಗಿಗಳಿಲ್ಲ. ಎಷ್ಟು ಅಚ್ಚುಕಟ್ಟಾದ ಆಡಳಿತ!

ಕೊನೆಕೊನೆಗೆ ಯಮುನ ಗಂಜಿಯನ್ನೂ ಒಲ್ಲೆನೆನ್ನುತ್ತಿದ್ದಳು. ಅಂಚೆಯವನ ಸೈಕಲ್ಲಿನ ಸದ್ದಾದರೆ ಮಾತ್ರ ಕಣ್ಣು ತೆರೆದು, "ಅಪ್ಪಣೆ ಬಾತ್‌ನಾ ಅಣ್ಣ?" ಎಂದು ಕೇಳುತ್ತಿದ್ದಳು. ನಿಮ್ಮ ನಿರಾಕರಣೆಯ ವಿಷಯ ನನಗೆ ತಿಳಿದಿತ್ತು. ಬರುತ್ತದೆ ಎಂದೆ.

ಸತ್ತವಳಿಗೆ ಪರಿಹಾರ ಕೇಳುತ್ತಿಲ್ಲ. ಆ ವೈದ್ಯರಿಗೆ ಅಪ್ಪಣೆ ಕೊಡಿ. ಅವರಿಗೆ ಒಬ್ಬ ರೋಗಿಯಾದರೂ ಬೇಕಲ್ಲವೇ? ನಿಮ್ಮ ದಾಖಲೆಯಲ್ಲಿ ನನ್ನ ತಂಗಿಯ ಹೆಸರಿನ ಮುಂದಿರುವ ಪದದ ಮೊದಲೆರಡು ಅಕ್ಷರಗಳನ್ನು ಹೊಡೆದುಹಾಕಿ. ಶಂಕೆ ಉಳಿಯಲಿ. ಅಷ್ಟು ಇದ್ದಿದ್ದರೆ ಅವಳೂ ಉಳಿಯುತ್ತಿದ್ದಳೇನೋ.

ಇಂತಿ,
ನಿಮ್ಮ ರಾಜ್ಯದಲ್ಲಿ ಇಲ್ಲದ ರೋಗಿಯ ಅಣ್ಣ,
ದೇರಪ್ಪ, ಅಮ್ಮತ್ತಿ